ಪಕ್ಕದ ಮನೆ ಶೆಡ್ಡಿನಲ್ಲಿ ಸಿಕ್ಕ ಫೈಬರ್ ಕಾರಿನ ಬಾಡಿ: ಇದು ಯಾವುದು? ಬಿಸಾಕಲೋ, ಇಟ್ಟುಕೊಳ್ಳಲೋ?

ಸಾಗರದ ಸೊಸೆ:

ಎಲ್ಲರಿಗೂ ನಮಸ್ಕಾರ. ನನಗೆ ಕಾರಿನ ಹುಚ್ಚಿಲ್ಲ. ಕೀಲಿ ತಿರುಗಿಸಿದರೆ ಓಡಬೇಕು, ಅಷ್ಟೇ. ಹಾಗಾಗಿ ಪ್ರಶ್ನೆ ಪೆದ್ದು ಅನ್ನಿಸಿದರೆ ನಕ್ಕುಬಿಡಿ, ಆದರೆ ಉತ್ತರ ಕೊಡಿ.

ನಾವಿರುವುದು ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ. ಪಕ್ಕದ ಮನೆಯ ಅಜ್ಜಿಗೆ ಎಂಬತ್ತೆಂಟು ವರ್ಷ. ಗಂಡ ತೀರಿಕೊಂಡು ತುಂಬಾ ವರ್ಷವಾಯಿತು. ಈಗ ಮನೆ ಮಾರಿ ಮಗಳ ಊರಿಗೆ ಹೊರಟಿದ್ದಾರೆ. ನಾನು ಆಗಾಗ ಕೋಸಂಬರಿ, ಚಿತ್ರಾನ್ನ ಕೊಡುತ್ತಿದ್ದೆ. ಅದರ ಋಣವೋ ಏನೋ, ಹೋದ ವಾರ ಕರೆದು "ಶೆಡ್ಡಿನಲ್ಲಿರುವುದು ನಿನಗೇ" ಅಂದರು. ಹೊಲಿಗೆ ಮಿಷನ್ ಇರಬೇಕು ಅಂತ ಖುಷಿಯಲ್ಲಿ ಹೋದೆ. ಟಾರ್ಪಾಲು ಎತ್ತಿದರೆ ಕಾರು!

ಕಾರು ಅಂದರೆ ಬರೀ ಮೇಲಿನ ಚಿಪ್ಪು. ಚಕ್ರ ಇಲ್ಲ, ಎಂಜಿನ್ ಇಲ್ಲ, ಗಾಜಿಲ್ಲ, ಬಾಗಿಲೂ ಇಲ್ಲ. ಬಾಗಿಲು ಬರಬೇಕಾದ ಕಡೆ ಒಂದು ಗೆರೆ ಮಾತ್ರ ಇದೆ. ಇಬ್ಬರು ಕೂರುವ ತೆರೆದ ಕಾರಿನ ಆಕಾರ, ನೋಡಲು ಚೆನ್ನಾಗಿದೆ. ನಾನೂ ನನ್ನ ಗಂಡನೂ ಸೇರಿ ಒಂದು ತುದಿ ಸುಲಭವಾಗಿ ಎತ್ತಿದೆವು. ಮುಂದಿನ ಚಕ್ರದ ಕಮಾನಿನ ನಡುವಿನಿಂದ ಹಿಂದಿನದರ ನಡುವಿಗೆ ಟೇಪು ಹಿಡಿದೆ: 94 ಇಂಚು, ಚೂರು ಆಚೀಚೆ. ಎಲ್ಲೂ ಹೆಸರಿಲ್ಲ, ನಂಬರಿಲ್ಲ.

ಅಜ್ಜಿಗೆ ನೆನಪಿರುವುದು ಇಷ್ಟು. 1961ರಲ್ಲಿ ಗಂಡ ತನ್ನ ಜೊತೆ ಕೆಲಸ ಮಾಡುವವನೊಬ್ಬನಿಂದ ಇದನ್ನು ಕೊಂಡ. ಪಿಕಪ್ಪಿನ ಮೇಲೆ ಹಗ್ಗ ಕಟ್ಟಿ ತಂದ. ಎರಡು ಚಳಿಗಾಲ ಅದರ ಮೇಲೆ ಕೆಲಸ ಮಾಡಿದ. ಅವನ ಬಟ್ಟೆಯನ್ನು ಮಗುವಿನ ಬಟ್ಟೆ ಜೊತೆ ಒಗೆಯಲು ಬಿಡುತ್ತಿರಲಿಲ್ಲವಂತೆ, ತುರಿಕೆ ಹತ್ತುತ್ತದೆ ಅಂತ. ಆಮೇಲೆ ಎರಡನೇ ಮಗು ಆಯಿತು, ಟಾರ್ಪಾಲು ಬಿತ್ತು.

ನನ್ನ ಗಂಡ ದಿನಾ ರಾತ್ರಿ "ಈ ಗುಜರಿ ಯಾವಾಗ ಹೋಗುತ್ತೆ?" ಅಂತ ಕೇಳುತ್ತಾರೆ. ಸಾಗಿಸಿ ಬಿಸಾಕಲು 400 ಡಾಲರ್ ಕೇಳಿದರು. ಇದು ಏನು ಅಂತ ತಿಳಿಯದೆ ಬಿಸಾಕಲು ಮನಸ್ಸಿಲ್ಲ. ಯಾರಿಗಾದರೂ ಗೊತ್ತಾ?

ಗುಂಡಣ್ಣ:

ಫೈಬರ್ ಬಾಡಿ, ಇಬ್ಬರ ಸೀಟು, ಅಮೆರಿಕ... ಮೇಡಂ, ಇದು ಶೆವ್ರೊಲೆಯ ಮೊದಲ ಕಾರ್ವೆಟ್ ಸ್ಪೋರ್ಟ್ಸ್ ಕಾರು ಆಗಿದ್ದರೆ ನಿಮ್ಮ ಯಜಮಾನರು ನಾಳೆಯಿಂದ ನಿಮಗೆ ಕಾಫಿ ಮಾಡಿಕೊಡುತ್ತಾರೆ. ಅಲ್ಲದಿದ್ದರೆ ಮಗುಚಿ ಹಾಕಿ ಮಣ್ಣು ತುಂಬಿ, ದಾಸವಾಳ ನೆಡಿ.

ಪೀಣ್ಯ ಫೈಬರ್:

ಗುಂಡಣ್ಣಾ, ಸುಮ್ನೆ ಆಸೆ ಹುಟ್ಟಿಸಬೇಡಿ. 1953ರ ಕಾರ್ವೆಟ್ ಆದದ್ದೇ 300. ಅದರ ಚಕ್ರದ ಅಂತರ 102 ಇಂಚು. ಇದು ಅದಲ್ಲ. ದಾಸವಾಳವೂ ಬೇಡ.

ಮೊದಲು ನನ್ನ ಪರಿಚಯ. ಪೀಣ್ಯದ ಎರಡನೇ ಹಂತದಲ್ಲಿ 27 ವರ್ಷ ಫೈಬರ್ ಕೆಲಸ ಮಾಡಿದವನು ನಾನು. ಬಸ್ಸಿನ ಮುಸುಡಿ, ಪಾರ್ಕಿನ ಜಾರುಬಂಡೆ, ನೀರಿನ ತೊಟ್ಟಿ, ಒಮ್ಮೆ ಒಂದು ಮಾಲಿಗೆ ಹದಿನಾಲ್ಕು ಅಡಿಯ ಐರಾವತ. ಈಗ ವರ್ಷಕ್ಕೆ ಐದಾರು ತಿಂಗಳು ಸ್ಯಾನ್ ಹೋಸೆಯಲ್ಲಿ ಮಗನ ಮನೆಯಲ್ಲಿರುತ್ತೇನೆ. ಇಲ್ಲಿ ಹಳೇ ಕಾರುಗಳ ಜಾತ್ರೆ ನಡೆದ ಕಡೆಯೆಲ್ಲ ಹೋಗುತ್ತೇನೆ. ಬೇರೆಯವರು ಬಣ್ಣ ನೋಡುತ್ತಾರೆ. ನಾನು ಮಂಡಿಯೂರಿ ಒಳಗೆ ಟಾರ್ಚ್ ಬಿಡುತ್ತೇನೆ. ಮಗನಿಗೆ ನಾಚಿಕೆ.

ನಿಮಗೂ ಅದನ್ನೇ ಹೇಳುವುದು ತಂಗಿ. ನೀವು ಹೊರಗಿನಿಂದ ನೋಡಿದ್ದೀರಿ. ಫೈಬರ್ ಬಾಡಿಗೆ ಎರಡು ಮೈ ಇರುತ್ತದೆ. ಹೊರಮೈ ಅಚ್ಚಿನದು. ಒಂದೇ ಮೋಲ್ಡಿನಿಂದ ನೂರು ತೆಗೆದರೂ ನೂರರದೂ ಒಂದೇ ಮುಖ. ಒಳಮೈ ಮಾತ್ರ ಕೆಲಸ ಮಾಡಿದವನದು. ಮ್ಯಾಟ್, ಅಂದರೆ ಗಾಜಿನ ನೂಲಿನ ಹಾಸು, ಎಲ್ಲಿ ಹರಿದು ಜೋಡಿಸಿದ, ರೋಲರ್ ಎಲ್ಲಿ ಬಿಟ್ಟ, ಬ್ರಷ್ಷಿನ ಕೂದಲು ಎಲ್ಲಿ ಉದುರಿತು, ಎಲ್ಲ ಅಲ್ಲೇ ಕೂತಿರುತ್ತದೆ. ಇನ್ನೊಂದು ವಿಷಯ. ನೂಲನ್ನು ಹಿಡಿದಿಡುವ ಅಂಟು ದ್ರವ, ಪಾಲಿಯೆಸ್ಟರ್ ರೆಸಿನ್, ಗಾಳಿ ತಾಗುವ ಕಡೆ ಪೂರ್ತಿ ಒಣಗದೆ ಅಂಟಂಟಾಗಿ ಉಳಿಯುತ್ತದೆ. ಅದಕ್ಕೆ ವ್ಯಾಕ್ಸ್ ಬೆರೆಸಿದರೆ ಮಾತ್ರ ಸರಿಯಾಗಿ ಸೆಟ್ ಆಗುತ್ತದೆ. ಬೆರೆಸದಿದ್ದರೆ ಆ ದಿನ ಆ ಜಾಗದಲ್ಲಿ ಏನು ಹಾರಾಡುತ್ತಿತ್ತೋ ಅದೆಲ್ಲ ಬಂದು ಅಂಟುತ್ತದೆ. ಹಾಗಾಗಿ ಒಳಗೆ ಬಗ್ಗಿ ನೋಡಿ.

ನೀವು ಕೇಳಿದ್ದು "ಯಾವ ಕಾರು" ಅಂತ. ಇಂಥದ್ದಕ್ಕೆ ಆ ಪ್ರಶ್ನೆ ಅಷ್ಟು ಸರಿ ಹೋಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಗಾಜಿನ ನೂಲು, ಪಾಲಿಯೆಸ್ಟರ್ ರೆಸಿನ್ ಇವೆರಡೂ ಎರಡನೇ ಮಹಾಯುದ್ಧದಲ್ಲಿ ವಿಮಾನದ ಕೆಲಸಕ್ಕೆ ಬಳಕೆಗೆ ಬಂದವು. ರೇಡಾರ್ ಮುಚ್ಚಲು ಲೋಹ ಆಗದು, ಇದು ಆಗುತ್ತದೆ. ಯುದ್ಧ ಮುಗಿದ ಮೇಲೆ ಆ ಮಾಲು ದೋಣಿ ಮಾಡುವವರ ಕೈಗೆ ಬಂತು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬಿಲ್ ಟ್ರಿಟ್ ಅಂತ ಒಬ್ಬರು ಹೀಗೆ ದೋಣಿ ಮಾಡುತ್ತಿದ್ದರು. ಅವರ ಕಂಪನಿ ಗ್ಲಾಸ್‌ಪಾರ್. ವಾಯುಪಡೆಯ ಮೇಜರ್ ಕೆನ್ ಬ್ರೂಕ್ಸ್ ತಮ್ಮ ಹೆಂಡತಿಗಾಗಿ ಒಂದು ಜೀಪಿನ ಚಾಸಿಸ್ (ಕೆಳಗಿನ ಚೌಕಟ್ಟು) ಮೇಲೆ ಚಂದದ ಬಾಡಿ ಬೇಕು ಅಂದರು. ಟ್ರಿಟ್ ದೋಣಿಯ ವಿದ್ಯೆಯನ್ನೇ ಕಾರಿಗೆ ತಂದರು. ಕಣ್ಣ ಮುಂದೆ ಇದ್ದದ್ದು ಜಾಗ್ವಾರ್ ಎಕ್ಸ್‌ಕೆ 120. 1951ರಲ್ಲಿ ಆ ಕಾರು ಮುಗಿಯಿತು, ಹೆಸರು ಬ್ರೂಕ್ಸ್ ಬಾಕ್ಸರ್. ಆ ವರ್ಷ ನವೆಂಬರಿನಲ್ಲಿ ಲಾಸ್ ಏಂಜಲೀಸಿನ ಪೀಟರ್ಸನ್ ಮೋಟೊರಾಮಾದಲ್ಲಿ ಜನ ಅದನ್ನು ನೋಡಿದರು. ಅಲ್ಲಿ ಇಂಥ ಬೇರೆ ಫೈಬರ್ ಕಾರುಗಳೂ ಇದ್ದವು. ಪುಟಾಣಿ ಕ್ರಾಸ್ಲಿ ಚಾಸಿಸ್ ಮೇಲೆ ಕೂತ ಸ್ಕಾರ್ಪಿಯನ್ ಅದರಲ್ಲಿ ಒಂದು. ಯಾರೂ ಯಾರನ್ನೂ ನೋಡಿ ಕಲಿತದ್ದಲ್ಲ. ಮಾಲು ಅಂಗಡಿಗೆ ಬಂದಿತ್ತು, ತಲೆಕೆಟ್ಟವರೂ ಇದ್ದರು.

ರೆಸಿನ್ ಮಾರುತ್ತಿದ್ದ ನೌಗಟಕ್ ಕೆಮಿಕಲ್ ಕಂಪನಿಗೆ ಇದು ಹಬ್ಬ. ತಮ್ಮ ಮಾಲಿನಿಂದ ಕಾರೇ ಆಗುತ್ತದೆ ಅಂತ ತೋರಿಸಲು ಗ್ಲಾಸ್‌ಪಾರ್‌ನಿಂದ ಒಂದು ಮಾಡಿಸಿಕೊಂಡು ಅಲೆಂಬಿಕ್ ಅಂತ ಹೆಸರಿಟ್ಟರು. 1952ರಲ್ಲಿ ಲೈಫ್ ಪತ್ರಿಕೆಯಲ್ಲಿ ಚಿತ್ರ ಬಂತು. ಜನರಲ್ ಮೋಟಾರ್ಸ್‌ನವರಿಗೂ ಕಾರನ್ನು ತೋರಿಸಿದರು. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಅವರ ಕಾರ್ವೆಟ್ ಹೊರಬಂತು. ಅದನ್ನೂ ಮೊದಲು ಬೇಗ ಆಗಲಿ ಅಂತ ಫೈಬರಿನಲ್ಲಿ ಮಾಡಿದ್ದು. ಮಾರುವುದನ್ನು ತಗಡಿನಲ್ಲಿ ಮಾಡುವ ಯೋಚನೆ ಇತ್ತು, ಆಮೇಲೆ ಫೈಬರಿನಲ್ಲೇ ಉಳಿಯಿತು. ಅಂದರೆ ಗಲ್ಲಿಯವರು ಮೊದಲು, ದೊಡ್ಡವರು ಆಮೇಲೆ. ಪುಸ್ತಕ ಓದಿದರೆ ಉಲ್ಟಾ ಅನ್ನಿಸುತ್ತದೆ.

ಈಗ ಅಸಲು ವಿಷಯ. ಗಲ್ಲಿಯವರು ಪೂರ್ತಿ ಕಾರು ಮಾರಿದ್ದು ಕಮ್ಮಿ. ಬಾಡಿ ಮಾರಿದ್ದೇ ಜಾಸ್ತಿ. ಗ್ಲಾಸ್‌ಪಾರ್, ನಾರ್ತ್ ಹಾಲಿವುಡ್ಡಿನ ವಿಕ್ಟ್ರೆಸ್, ಅಲೈಡ್, ಬೈಯರ್ಸ್, ಮೀಟಿಯರ್, ಕೆಲಿಸನ್, ಕೆನಡಾದಿಂದ ಬಂದ ಲೆಸ್ ಡಾಸ್ ಅವರ ಲಾಡಾರಿ. ಎಲ್ಲರಿಗಿಂತ ಜಾಸ್ತಿ ಮಾರಿದ್ದು ಎಲ್ ಮಾಂಟಿಯ ಬಿಲ್ ಡೆವಿನ್. ನಿಮ್ಮ ರಿವರ್‌ಸೈಡಿನಿಂದ ಒಂದು ಗಂಟೆ ದಾರಿ ಇಲ್ಲ. ಡೆವಿನ್ ಬಾಡಿಯ ಬೆಲೆ 295 ಡಾಲರಿನಿಂದ ಶುರು. ಕಾರ್ವೆಟ್‌ಗೆ ಆಗ ಸುಮಾರು 3,500. ಸಂಬಳದ ಹುಡುಗ ಯಾವ ಕಡೆ ಹೋಗುತ್ತಾನೆ ಹೇಳಿ?

ಡೆವಿನ್ ತಲೆ ಓಡಿಸಿದ್ದು ಮೋಲ್ಡಿನಲ್ಲಿ. ಇಟಲಿಯ ಎರ್ಮಿನಿ ಅನ್ನುವ ರೇಸ್ ಕಾರಿನ ಮೈಯಿಂದ ಆಕಾರ ತೆಗೆದುಕೊಂಡು, ಮೋಲ್ಡನ್ನು ತುಂಡುತುಂಡಾಗಿ ಮಾಡಿದರು. ತುಂಡು ಜೋಡಿಸುವ ರೀತಿಯಲ್ಲಿ ಬಾಡಿ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಪುಟ್ಟ ಕ್ರಾಸ್ಲಿಗೂ ಹೊಂದುತ್ತದೆ, ದೊಡ್ಡ ವಿ8 ಎಂಜಿನ್ನಿನ ಕಾರಿಗೂ ಹೊಂದುತ್ತದೆ. ನಾನು ಪೀಣ್ಯದಲ್ಲಿ ಬಸ್ಸಿನ ಮುಖಕ್ಕೆ ಇದೇ ಉಪಾಯ ಮಾಡಿದ್ದೆ. ನನಗೇ ಹೊಳೆದದ್ದು ಅಂತ ಎಷ್ಟೋ ವರ್ಷ ಬೀಗಿದ್ದೆ. ಇಲ್ಲಿ ಬಂದ ಮೇಲೆ ಗೊತ್ತಾಯಿತು, ನಾನು ಹುಟ್ಟುವ ಮೊದಲೇ ಒಬ್ಬ ಮಾಡಿ ಮುಗಿಸಿದ್ದ.

ಬಾಡಿ ಮನೆಗೆ ಬಂತು. ಅಲ್ಲಿಂದ ಕಷ್ಟ ಶುರು. ಹಳೇ ಫೋರ್ಡ್ ಚಾಸಿಸ್ ತಂದರೆ ಚಕ್ರದ ಅಂತರ 114 ಇಂಚು, ಬಾಡಿ ಕೇಳುವುದು ನೂರರ ಸುತ್ತ. ಕತ್ತರಿಸಬೇಕು, ಬೆಸೆಯಬೇಕು. ಪ್ರೊಪೆಲ್ಲರ್ ಶಾಫ್ಟ್ ಕಮ್ಮಿ ಮಾಡಿಸಬೇಕು, ಸ್ಟೀರಿಂಗ್ ಹಿಂದಕ್ಕೆ ತರಬೇಕು, ರೇಡಿಯೇಟರ್ ತಗ್ಗಿಸಬೇಕು. ಆಮೇಲೆ ಬಾಗಿಲು. ಫೈಬರ್ ಚಿಪ್ಪಿನಲ್ಲಿ ಬಾಗಿಲು ಕೊಯ್ದ ತಕ್ಷಣ ಇಡೀ ಬಾಡಿ ಹಪ್ಪಳದ ಹಾಗೆ ಅಲ್ಲಾಡುತ್ತದೆ. ಒಳಗೆ ಕಬ್ಬಿಣದ ಚೌಕಟ್ಟು ಕೊಟ್ಟು, ಹಿಂಜ್ ಕೂರಿಸಿ, ಸಂದು ಸಮ ಮಾಡುವಷ್ಟರಲ್ಲಿ ಮಗು ಸ್ಕೂಲಿಗೆ ಸೇರಿರುತ್ತದೆ. ಬಾಗಿಲೇ ಇಡದೆ ಹಾರಿ ಕೂತವರೂ ಇದ್ದಾರೆ. ಮುಂಗಾಜಿನದು ಇನ್ನೊಂದು ಕಥೆ, ಬಿಡಿ.

ಸುಮಾರು ಜನ ಇಲ್ಲೇ ನಿಂತರು. ಮುಗಿಸಿದವರೂ ಕಮ್ಮಿ ಆಸಾಮಿಗಳಲ್ಲ. 1953ರಲ್ಲಿ ಬಾನವಿಲ್ ಉಪ್ಪಿನ ಬಯಲಿನಲ್ಲಿ ಒಂದು ವಿಕ್ಟ್ರೆಸ್ ಬಾಡಿಯ ಕಾರು ಗಂಟೆಗೆ 203 ಮೈಲಿ ಓಡಿತು. ಒಳಗಿದ್ದದ್ದು ಕ್ರೈಸ್ಲರ್ ವಿ8. ಅದೇ ಅಚ್ಚಿನ ಇನ್ನೊಂದು ಬಾಡಿ ಯಾರದೋ ಕೋಳಿಗೂಡಿನ ಪಕ್ಕ ಕೂತಿರಬಹುದು. ಅದಕ್ಕೇ "ಯಾವ ಕಾರು" ಅನ್ನುವುದಕ್ಕಿಂತ "ಯಾರ ಕೈ" ಅಂತ ಕೇಳಬೇಕು.

ಈಗ ನಿಮ್ಮ 94 ಇಂಚು. ಇಂಗ್ಲೆಂಡಿನ ಎಂಜಿ ಟಿಡಿ ಅನ್ನುವ ಸ್ಪೋರ್ಟ್ಸ್ ಕಾರಿಗೆ 94. ಫೋಕ್ಸ್‌ವ್ಯಾಗನ್ ಬೀಟಲ್‌ಗೆ 94ವರೆ. ಅರ್ಧ ಇಂಚನ್ನು ಕಮಾನಿನ ನಡುವೆ ಟೇಪು ಹಿಡಿದು ಹೇಳಲು ಆಗದು. ಆದರೆ ಒಂದಕ್ಕೆ ಎಂಜಿನ್ ಮುಂದೆ, ಇನ್ನೊಂದಕ್ಕೆ ಹಿಂದೆ. ಎಂಜಿಗೆ ಮೂತಿಯಲ್ಲಿ ಗಾಳಿ ಹೋಗಲು ಬಾಯಿ ಬೇಕು. ಬೀಟಲ್‌ಗೆ ಮುಂದೆ ಬಾಯಿ ಬೇಡ, ಹಿಂದೆ ಕಿಂಡಿ ಬೇಕು. ನಿಮ್ಮದಕ್ಕೆ ಯಾವುದಿದೆ ನೋಡಿ. ಟಾರ್ಚ್ ತಗೊಳ್ಳಿ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಲೆಸ್ಟರ್ ಕನ್ನಡಿಗ:

ಪೀಣ್ಯದ ಸರ್ ಬರೆದದ್ದು ಓದಿ ಕೂತಲ್ಲೇ ಕೂರಲು ಆಗಲಿಲ್ಲ. ಇಂಗ್ಲೆಂಡಿನ ಕಡೆಯದೂ ಒಂದಿಷ್ಟು ಸೇರಿಸುತ್ತೇನೆ.

ಇಲ್ಲಿ ಬಡವರ ಚಾಸಿಸ್ ಅಂದರೆ ಆಸ್ಟಿನ್ ಸೆವೆನ್. 1922ರಿಂದ 1939ರವರೆಗೆ ಬಂದದ್ದು. ಐವತ್ತರ ದಶಕದಲ್ಲಿ ಮೇಲಿನ ಬಾಡಿ ತುಕ್ಕು ಹಿಡಿದು ಉದುರಿದ ಸೆವೆನ್‌ಗಳು ಪುಡಿಗಾಸಿಗೆ ಸಿಗುತ್ತಿದ್ದವು. ಆಶ್ಲಿ, ಫಾಲ್ಕನ್ ಅನ್ನುವವರು ಅದಕ್ಕೆ ಫೈಬರ್ ಚಿಪ್ಪು ಮಾರಿದರು. ಇಲ್ಲಿ ಇನ್ನೊಂದು ಕಾರಣವೂ ಇತ್ತು: ತೆರಿಗೆ. ಪೂರ್ತಿ ಕಾರು ಕೊಂಡರೆ ಪರ್ಚೇಸ್ ಟ್ಯಾಕ್ಸ್, ಬಿಡಿಬಿಡಿಯಾಗಿ ತಂದು ಮನೆಯಲ್ಲಿ ಜೋಡಿಸಿಕೊಂಡರೆ ಇಲ್ಲ. ಹಾಗಾಗಿ ಲೋಟಸ್‌ನಂಥವರೂ ಪೆಟ್ಟಿಗೆಯಲ್ಲಿ ಕಾರು ಕೊಟ್ಟರು. 1973ರಲ್ಲಿ ವ್ಯಾಟ್ ಬಂತು, ಆ ದಾರಿ ಮುಚ್ಚಿತು.

ಚಾಸಿಸ್ಸೇ ಬೇಡ, ಫೈಬರ್ ಮೈಯೇ ಭಾರ ಹೊರಲಿ ಅಂತ ಹೊರಟವರೂ ಇಲ್ಲಿಯವರೇ. 1957ರ ಲೋಟಸ್ ಎಲೀಟ್, ಆಮೇಲೆ ರಾಚ್‌ಡೇಲ್ ಒಲಿಂಪಿಕ್. ಒಲಿಂಪಿಕ್ ಒಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೂತಿ ನೋಡಿದರೆ ನಿದ್ದೆಯಿಂದ ಎದ್ದ ಮಗುವಿನ ಹಾಗೆ. ನನಗೆ ಎಲೀಟ್‌ಗಿಂತ ಅದೇ ಇಷ್ಟ. ಇಲ್ಲಿ ಹಾಗೆ ಹೇಳಿದರೆ ಜಗಳಕ್ಕೆ ಬರುತ್ತಾರೆ.

ಡಾಲ್ಫಿನ್ ಮಾವ:

ಇಂಗ್ಲೆಂಡ್ ಅಂದಿರಲ್ಲ, ಅಲ್ಲಿಂದ ಒಂದು ಎಳೆ ಬೆಂಗಳೂರಿಗೂ ಬಂದಿದೆ. ರಿಲಯಂಟ್ ಕಿಟನ್ ಅನ್ನುವ ಫೈಬರ್ ಮೈಯ ಕಾರು ಎಂಬತ್ತರ ದಶಕದಲ್ಲಿ ನಮ್ಮಲ್ಲಿ ಸಿಪಾನಿ ಡಾಲ್ಫಿನ್ ಆಯಿತು. ಎರಡು ಬಾಗಿಲು, 848 ಸಿಸಿ. ಅದಕ್ಕೂ ಮುಂಚೆ ಮೂರು ಚಕ್ರದ ಬಾದಲ್, ಅದೂ ಫೈಬರ್, ಅದೂ ಬೆಂಗಳೂರಿನದೇ. ನಮ್ಮ ಮಾವನ ಹತ್ತಿರ ಕೆಂಪು ಡಾಲ್ಫಿನ್ ಇತ್ತು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನಿಲ್ಲಿಸಿದರೆ ಹುಡುಗರು ಬೆರಳಿನಿಂದ ತಟ್ಟಿ ನೋಡುತ್ತಿದ್ದರು, ಟಕ್ ಟಕ್ ಅಂತ. ಮಾವ ಒಳಗಿನಿಂದಲೇ ಬೈಯುತ್ತಿದ್ದರು. ಹಗುರ ಅಂತ ರ‍್ಯಾಲಿಗೆ, ಶೋಲಾವರಂ ರೇಸಿಗೆ ಅದನ್ನು ಒಯ್ದವರೂ ಇದ್ದರು. ಮೇಡಂ ಪ್ರಶ್ನೆಗೆ ಇದಕ್ಕೂ ಸಂಬಂಧ ಇಲ್ಲ. ನೆನಪಾಯಿತು, ಬರೆದೆ.

ಸಾಗರದ ಸೊಸೆ:

ಅಯ್ಯೋ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಪೀಣ್ಯದ ಸರ್ ಹೇಳಿದ ಹಾಗೆ ತುಂಬು ತೋಳಿನ ಅಂಗಿ ಹಾಕಿಕೊಂಡು, ಟಾರ್ಚ್ ಹಿಡಿದು ಒಳಗೆ ತೂರಿದೆ. ನಮ್ಮ ಮನೆಯವರು ಹೊರಗೆ ನಿಂತು "ಹಾವು ಇದ್ದರೆ?" ಅಂದರು. ಸಹಾಯಕ್ಕೆ ಬರಲಿಲ್ಲ.

ಸರ್, ಕೇಳಿ. ಎರಡೂ ಇದೆ! ಮೂತಿಯಲ್ಲಿ ಹೊರಗಿನಿಂದ ಬಾಯಿ ಕಾಣುವುದಿಲ್ಲ, ನುಣ್ಣಗಿದೆ. ಒಳಗಿನಿಂದ ನೋಡಿದರೆ ಮೊಟ್ಟೆಯಾಕಾರದ ಒಂದು ದೊಡ್ಡ ತೇಪೆ. ಉಳಿದ ಒಳಮೈಯೆಲ್ಲ ಜೇನಿನ ಬಣ್ಣ, ಬಟ್ಟೆಯ ನೇಯ್ಗೆಯ ಹಾಗೆ ಅಡ್ಡ ಉದ್ದ ಎಳೆ ಕಾಣುತ್ತದೆ. ತೇಪೆ ಮಾತ್ರ ಹಸಿರು ಛಾಯೆ, ಅದರಲ್ಲಿ ಎಳೆಗಳು ಶಾವಿಗೆ ಚೆಲ್ಲಿದ ಹಾಗೆ ದಿಕ್ಕಾಪಾಲು. ಹಿಂದೆ ಕಿಂಡಿಗಳಿವೆ, ಎಡಗಡೆ ಐದು, ಬಲಗಡೆ ನಾಲ್ಕು. ಐದನೆಯದನ್ನು ಪೆನ್ಸಿಲಿನಲ್ಲಿ ಬರೆದು ಬಿಟ್ಟಿದ್ದಾರೆ. ಅಂಚು ಒರಟು, ಕೈಯಲ್ಲಿ ಗರಗಸ ಹಿಡಿದು ಕೊಯ್ದ ಹಾಗಿದೆ.

ಇದರ ಅರ್ಥ ಏನು?

ಪೀಣ್ಯ ಫೈಬರ್:

ಭೇಷ್! ಇಷ್ಟು ಚೆನ್ನಾಗಿ ನೋಡಲು ನನ್ನ ಹುಡುಗರಿಗೂ ಬರುತ್ತಿರಲಿಲ್ಲ.

ಅರ್ಥ ಇಷ್ಟೇ ತಂಗಿ. ಇದು ಇಬ್ಬರ ಕೈ. ಜೇನಿನ ಬಣ್ಣದ್ದು ಮೊದಲನೆಯದು. ಬಣ್ಣ ಸೇರಿಸದ ರೆಸಿನ್ ವರ್ಷ ಕಳೆದಂತೆ ಹಾಗೆ ಆಗುತ್ತದೆ. ನೇಯ್ದ ಗಾಜಿನ ಬಟ್ಟೆ ಹಾಕಿ ಮಾಡಿದ ಬಾಡಿ, ಕೆಲಸ ಬಲ್ಲವರ ಅಂಗಡಿಯಿಂದ ಬಂದದ್ದು. ಅದಕ್ಕೆ ಬಾಯಿ ಇತ್ತು, ಅಂದರೆ ಮುಂದೆ ಎಂಜಿನ್. 94 ಇಂಚು ಬೇರೆ. ಎಂಜಿ ಟಿಡಿ ಅಂತ ನನ್ನ ಊಹೆ. ಆ ಎಂಜಿಗಳ ಬಾಡಿ ಮರದ ಚೌಕಟ್ಟಿನ ಮೇಲೆ ತಗಡು ಹೊಡೆದದ್ದು. ಮರ ಲಡ್ಡಾದರೆ ಬಾಗಿಲು ಜೋತು ಬೀಳುತ್ತದೆ. ಕೆಳಗಿನ ಚಾಸಿಸ್, 1,250 ಸಿಸಿ ಎಂಜಿನ್ ಎರಡೂ ಗಟ್ಟಿಯಾಗಿರುತ್ತವೆ. ಮೇಲಿನದು ಬಿಸಾಕಿ ಫೈಬರ್ ಕೂರಿಸುವುದು ಆಗ ರೂಢಿ. ಆ ಮೊದಲನೆಯವ ಯಾಕೋ ಕೈಬಿಟ್ಟ, ಜೊತೆ ಕೆಲಸ ಮಾಡುವವನಿಗೆ ಮಾರಿದ.

ಎರಡನೆಯವ ನಿಮ್ಮ ಅಜ್ಜಿಯ ಯಜಮಾನರು. ಅವರಿಗೆ ಬೀಟಲ್ ಸಿಕ್ಕಿರಬೇಕು. ಬೀಟಲ್‌ನ ಸುಖ ಏನೆಂದರೆ ಬೋಲ್ಟು ಬಿಚ್ಚಿ ಮೇಲಿನ ಬಾಡಿ ಎತ್ತಿಬಿಟ್ಟರೆ ನೆಲ, ಚಕ್ರ, ಎಂಜಿನ್, ಸ್ಟೀರಿಂಗ್ ಎಲ್ಲ ಹಾಗೇ ಉಳಿಯುತ್ತದೆ. ಚಾಸಿಸ್ ಕತ್ತರಿಸುವ ರಗಳೆ ಇಲ್ಲ. 1964ರಲ್ಲಿ ನ್ಯೂಪೋರ್ಟ್ ಬೀಚಿನಲ್ಲಿ ಬ್ರೂಸ್ ಮೇಯರ್ಸ್ ಮರಳಿನ ಮೇಲೆ ಓಡುವ ಮ್ಯಾಂಕ್ಸ್ ಮಾಡಿದರಲ್ಲ, ಅವರೂ ದೋಣಿಯ ಕೆಲಸದಿಂದಲೇ ಬಂದವರು. ಮೊದಲ ಹನ್ನೆರಡಕ್ಕೆ ನೆಲವನ್ನೂ ಫೈಬರಿನಲ್ಲೇ ಮಾಡಿ ಸುಸ್ತಾಗಿ, ಆಮೇಲೆ ಬೀಟಲ್ ನೆಲವನ್ನೇ ಒಂದಡಿಗೂ ಜಾಸ್ತಿ ಮೋಟು ಮಾಡಿ ಬಳಸಿದರು. ಆ ಮಾದರಿಯನ್ನು ಕಂಡಕಂಡವರೆಲ್ಲ ನಕಲು ಹೊಡೆದರು. ಮೇಯರ್ಸ್ ಕೋರ್ಟಿಗೆ ಹೋಗಿ ಸೋತರು. ಫೈಬರಿನ ಶಾಪವೇ ಅದು. ಒಂದು ಬಾಡಿ ಕೊಂಡು ಅದರ ಮೇಲೇ ವ್ಯಾಕ್ಸ್ ಹೊಡೆದು ಮೋಲ್ಡ್ ತೆಗೆದರೆ ಮುಗಿಯಿತು. ಪೀಣ್ಯದಲ್ಲಿ ನನ್ನ ಜಾರುಬಂಡೆಗೂ ಹಾಗೇ ಆಯಿತು. ಯಾರು ಅಂತ ಹೇಳಲ್ಲ, ಅವನ ಮಗಳ ಮದುವೆಗೆ ಊಟ ಮಾಡಿ ಬಂದಿದ್ದೇನೆ.

ನಿಮ್ಮ ಯಜಮಾನರಲ್ಲ, ಅಜ್ಜಿಯ ಯಜಮಾನರು ಬಾಯಿ ಮುಚ್ಚಿದರು, ಹಿಂದೆ ಕಿಂಡಿ ಕೊಯ್ದರು. ತೇಪೆಗೆ ಹಾಕಿದ್ದು ಚಾಪ್ಡ್ ಮ್ಯಾಟ್, ಅಂದರೆ ತುಂಡು ನೂಲಿನ ಹಾಸು, ಅದೇ ನಿಮ್ಮ ಶಾವಿಗೆ. ಹೊರಗೆ ನುಣ್ಣಗೆ ಬಂದಿದೆ ಅಂದರೆ ಪುಟ್ಟಿ ಹಚ್ಚಿ ಎಷ್ಟು ದಿನ ಉಜ್ಜಿದರೋ. ಎರಡು ಚಳಿಗಾಲ ಅಂದಿರಿ. ಚಳಿಯಲ್ಲಿ ರೆಸಿನ್ ಸೆಟ್ ಆಗಲು ಸತಾಯಿಸುತ್ತದೆ. ಹಾರ್ಡನರ್ ಜಾಸ್ತಿ ಹಾಕಿದರೆ ಮಗ್ಗಿನಲ್ಲೇ ಕಾದು ಹೊಗೆ ಬರುತ್ತದೆ. ತೇಪೆಯ ಮೇಲೆ ಕೈಯಾಡಿಸಿ ನೋಡಿ, ಈಗಲೂ ಏನಾದರೂ ಅಂಟಿದೆಯಾ ಅಂತ.

ಬಾಡಿ ಯಾರ ಅಂಗಡಿಯದು ಅಂತ ಈಗಲೇ ಹೆಸರು ಇಡುವುದು ಬೇಡ. ಒಳಮೈಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಮೋಲ್ಡ್ ತುಂಡುಗಳ ಜೋಡಣೆಯ ಗೆರೆ ಕಂಡರೆ ಡೆವಿನ್ ಕಡೆ ಯೋಚಿಸೋಣ. ಮುಂದಿನ ತಿಂಗಳು ಮಗನ ಜೊತೆ ಆ ಕಡೆ ಬರುವುದಿದೆ. ನೀವು ಒಪ್ಪಿದರೆ ನಾನೇ ಬಂದು ಮಂಡಿಯೂರುತ್ತೇನೆ.

ಸ್ಯಾನ್ ಡಿಯೇಗೊ ಸೀನ:

ರಸ್ತೆಗೆ ಇಳಿಸುವ ಯೋಚನೆ ಬಂದರೆ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಮನೆಯಲ್ಲಿ ಕಟ್ಟಿದ ಕಾರುಗಳಿಗೆ ಬೇರೆ ನೋಂದಣಿ ಇದೆ. ಹೊಗೆ ಪರೀಕ್ಷೆಯಲ್ಲಿ ಹಳೇ ಕಾರಿನ ಲೆಕ್ಕ ಹಿಡಿಯುವ ಸೌಲಭ್ಯ ವರ್ಷಕ್ಕೆ 500 ಕಾರಿಗೆ ಮಾತ್ರ. ಜನವರಿಯಲ್ಲೇ ಅರ್ಜಿ ಹಾಕುವುದು ಜಾಣತನ. ಚಾಸಿಸ್ ಕೊಳ್ಳುವಾಗ ಅದರ ಕಾಗದ ಪತ್ರ ಬಿಡಬೇಡಿ. ಅಗ್ಗ ಅಂತ ಕಾಗದ ಇಲ್ಲದ್ದು ತಂದು ನಾನು ಒಂದೂವರೆ ವರ್ಷ ಅಲೆದಿದ್ದೇನೆ.

ಸಾಗರದ ಸೊಸೆ:

ಸರ್, ಖಂಡಿತ ಬನ್ನಿ. ಊಟ ನಮ್ಮಲ್ಲೇ. ತೊಡೆದೇವು ಊರಿನಿಂದ ಬಂದದ್ದು ಇನ್ನೂ ಇದೆ.

ನೀವು ಹೇಳಿದ ಹಾಗೆ ತೇಪೆಯ ಮೇಲೆ ಕೈಯಾಡಿಸಿದೆ. ಅಂಚಿನಲ್ಲಿ ಏನೋ ನೀಲಿ ಕಂಡಿತು. ಟಾರ್ಚ್ ಹತ್ತಿರ ಹಿಡಿದರೆ ಉಣ್ಣೆಯ ನೂಲು. ಒಂದು ಗೇಣು ಉದ್ದ, ಹೆಣಿಗೆಯ ನಾಲ್ಕೈದು ಸಾಲು ಹಾಗೇ ರೆಸಿನ್ ಒಳಗೆ ಕೂತುಬಿಟ್ಟಿದೆ. ಫೋಟೋ ತೆಗೆದು ಅಜ್ಜಿಗೆ ತೋರಿಸಿದೆ.

ಅಜ್ಜಿ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ "ಅವನು ಇದನ್ನು ಬಸ್ಸಿನಲ್ಲಿ ಬಿಟ್ಟುಬಂದೆ ಅಂದಿದ್ದ" ಅಂದರು. ಮದುವೆಯಾದ ಮೊದಲ ವರ್ಷ ಅವರೇ ಹೆಣೆದು ಕೊಟ್ಟ ಸ್ವೆಟರ್ ಅಂತೆ. ಕಳೆದುಹೋದದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದರಂತೆ. ರೆಸಿನ್ ಹತ್ತಿದ್ದಕ್ಕೆ ಬೈಸಿಕೊಳ್ಳಬೇಕಾಗುತ್ತದೆ ಅಂತ ಬಸ್ಸಿನ ಕಥೆ ಕಟ್ಟಿದ್ದಾರೆ ಪುಣ್ಯಾತ್ಮರು! ಅಜ್ಜಿ ನಕ್ಕರು, ಆಮೇಲೆ ನಿಜವಾಗಿಯೂ ಸಿಟ್ಟು ಬಂತು, ಆಮೇಲೆ ಮತ್ತೆ ನಕ್ಕರು.

ಈಗ ಆ ತೇಪೆ ಅವರಿಗೆ ಬೇಕಂತೆ. ಕಾರು ನಿನಗೆ, ಅದು ಮಾತ್ರ ನನಗೆ ಅಂದರು. ಭಾನುವಾರ ಹೊರಡುತ್ತಾರೆ. ನೀವು ಬರುವವರೆಗೆ ಕಾಯಲು ಆಗುವುದಿಲ್ಲ. ನಾನೇ ಕೊಯ್ದರೆ ಕಾರಿಗೆ ಏನಾದರೂ ಆಗುತ್ತದಾ? ಹೇಗೆ ಕೊಯ್ಯಲಿ? ನಮ್ಮ ಮನೆಯವರು ಮೊದಲ ಸಲ "ನಾನೂ ಹಿಡಿದುಕೊಳ್ಳುತ್ತೇನೆ" ಅಂದಿದ್ದಾರೆ.

ಪೀಣ್ಯ ಫೈಬರ್:

ಧೈರ್ಯವಾಗಿ ಕೊಯ್ಯಿರಿ. ಆ ತೇಪೆ ತೆಗೆದರೆ ಕಾರಿನ ಹಳೇ ಬಾಯಿ ವಾಪಸ್ ಬರುತ್ತದೆ. ಆಗ ಅಂಗಡಿ ಯಾವುದು ಅಂತ ಗುರುತು ಹಿಡಿಯಲು ನನಗೂ ಸುಲಭ.

ಕರೆಂಟಿನ ಗ್ರೈಂಡರ್ ಬೇಡ. ಧೂಳು ಎದ್ದರೆ ಮನೆಯೆಲ್ಲ ತುರಿಕೆ, ಹಳೇ ಬಣ್ಣದಲ್ಲಿ ಸೀಸವೂ ಇರಬಹುದು. ಹಸಿರು ಮತ್ತು ಜೇನಿನ ಬಣ್ಣ ಸೇರುವ ಗೆರೆಯಿಂದ ಒಂದು ಬೆರಳು ಒಳಗೆ, ಹಸಿರಿನ ಕಡೆಯೇ, ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಜೇನಿನ ಬಣ್ಣವನ್ನು ಮುಟ್ಟಬೇಡಿ. ನೂಲು ಇರುವ ಅಂಚಿನಲ್ಲಿ ಮಾತ್ರ ನೂಲಿನ ಆಚೆ ಗೆರೆ ಹೋಗಲಿ, ಅಲ್ಲಿ ಜೇನಿನ ಬಣ್ಣ ಚೂರು ಹೋದರೂ ನಾನು ಬಂದು ಕೂರಿಸಿಕೊಡುತ್ತೇನೆ. ಕೈ ಡ್ರಿಲ್‌ನಲ್ಲಿ ಒಂದು ತೂತು ಮಾಡಿ, ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ತೂರಿಸಿ ನಿಧಾನಕ್ಕೆ ಕೊಯ್ಯಿರಿ. ಯಜಮಾನರು ಸ್ಪಂಜಿನಿಂದ ನೀರು ಹಿಂಡುತ್ತಿರಲಿ, ಧೂಳು ಏಳುವುದಿಲ್ಲ. ಇಬ್ಬರೂ ಮಾಸ್ಕ್ ಹಾಕಿಕೊಳ್ಳಿ. ತುಂಡು ತೆಗೆದ ಮೇಲೆ ಅಂಚನ್ನು ನೀರು ಕಾಗದದಲ್ಲಿ (ವಾಟರ್ ಪೇಪರ್) ಉಜ್ಜಿ, ಇಲ್ಲದಿದ್ದರೆ ಅಜ್ಜಿಯ ಕೈಗೆ ಚುಚ್ಚುತ್ತದೆ.

ಆಮೇಲೆ ಸ್ನಾನಕ್ಕೆ ತಣ್ಣೀರು. ಬಿಸಿನೀರು ಹಾಕಿಕೊಂಡರೆ ರಾತ್ರಿಯಿಡೀ ಕೆರೆದುಕೊಳ್ಳುತ್ತೀರಿ. ಬಟ್ಟೆ ಬೇರೆ ಒಗೆಯಿರಿ.